ಸಾಲದಿಂದ ಕಾರ್ಖಾನೆಯ ಬೆಲೆ ಬದಲಾಗುತ್ತದೆಯೇ? ಸ್ನಾತಕೋತ್ತರ ತರಗತಿಯ ಕಾರ್ಪೊರೇಟ್ ಫೈನಾನ್ಸ್

ಬಿ.ಕಾಂ. ಮುಗಿಸಿ ಬಂದ ವಿದ್ಯಾರ್ಥಿಗೆ ಕಂಪನಿ ಹಣಕಾಸಿನ ಕೆಲವು ಕೆಲಸಗಳು ಚೆನ್ನಾಗಿ ರೂಢಿಯಾಗಿರುತ್ತವೆ. ಯೋಜನೆಯೊಂದರ ನಿವ್ವಳ ಪ್ರಸ್ತುತ ಮೌಲ್ಯವನ್ನು (ಮುಂದೆ ಬರುವ ಹಣದ ಇಂದಿನ ಬೆಲೆಯಲ್ಲಿ ಹೂಡಿಕೆ ಕಳೆದು ಉಳಿಯುವುದನ್ನು) ಲೆಕ್ಕ ಹಾಕುವುದು, ಬಂಡವಾಳದ ಸರಾಸರಿ ವೆಚ್ಚವನ್ನು (ಸಾಲ ಕೊಟ್ಟವರೂ ಷೇರುದಾರರೂ ನಿರೀಕ್ಷಿಸುವ ಆದಾಯದ ತೂಕದ ಸರಾಸರಿಯನ್ನು) ಕಂಡುಹಿಡಿಯುವುದು, ದುಡಿಯುವ ಬಂಡವಾಳದ ತಖ್ತೆಯನ್ನು ತುಂಬುವುದು ಅವನಿಗೆ ಗೊತ್ತು. ಸ್ನಾತಕೋತ್ತರ ಹಂತದಲ್ಲಿ ಇದೇ ವಿಷಯದ ಹಿಂದೆ ‘ಅಡ್ವಾನ್ಸ್ಡ್’ ಎಂಬ ಪದ ಸೇರಿಕೊಂಡಾಗ, ಸೂತ್ರಗಳು ಇನ್ನಷ್ಟು ಉದ್ದವಾಗುತ್ತವೆ ಎಂದು ಅವನು ನಿರೀಕ್ಷಿಸುತ್ತಾನೆ. ಆದರೆ ಮೊದಲ ವಾರದಲ್ಲೇ ಅವನಿಗೆ ಎದುರಾಗುವುದು ನಂಬಲು ಕಷ್ಟವಾದ ಒಂದು ವಾಕ್ಯ: ಕಂಪನಿಯು ಸಾಲದ ಹಣದಿಂದ ನಡೆದರೂ ಒಡೆಯರ ಹಣದಿಂದ ನಡೆದರೂ ಅದರ ಒಟ್ಟು ಬೆಲೆಯಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಬೆಳಗಾವಿಯಲ್ಲಾಗಲಿ, ಬಾಗಲಕೋಟೆಯಲ್ಲಾಗಲಿ ಈ ವಾಕ್ಯವನ್ನು ಹಲಗೆಯ ಮೇಲೆ ಬರೆದರೆ ಹಿಂದಿನ ಬೆಂಚಿನಿಂದ ನಗು ಕೇಳಿಬರುವುದು ಸಹಜ. ಅಲ್ಲಿ ಕುಳಿತವರಲ್ಲಿ ಹಲವರು ಕಬ್ಬು ಬೆಳೆಯುವ ಮನೆಗಳಿಂದ ಬಂದವರು. ಸಾಲ ಏರಿ ಬಾಗಿಲು ಹಾಕಿದ ಕಾರ್ಖಾನೆ, ಕೈ ಬದಲಾದ ಕಾರ್ಖಾನೆ, ಹಂಗಾಮು ಮುಗಿದು ಮುಂಗಾರು ಬಂದರೂ ಬಿಲ್ಲು ಚುಕ್ತಾ ಮಾಡದ ಕಾರ್ಖಾನೆ, ಇವೆಲ್ಲವನ್ನೂ ಕೇಳುತ್ತ ಬೆಳೆದವರು. ಅವರ ನಗುವಿಗೆ ಆಧಾರವಿದೆ. ಹಲಗೆಯ ಮೇಲಿನ ವಾಕ್ಯಕ್ಕೂ ಆಧಾರವಿದೆ. ಇವೆರಡರ ನಡುವಿನ ಅಂತರವನ್ನು ಅಳೆಯುವುದೇ ಮುಂದಿನ ಎರಡು ಸೆಮಿಸ್ಟರ್‌ಗಳ ಕೆಲಸ ಎಂದು ತಿಳಿದರೆ, ಬಿಡಿಬಿಡಿಯಾಗಿ ಕಾಣುವ ಪಠ್ಯಕ್ರಮದ ಅಧ್ಯಾಯಗಳು ಒಂದೇ ದಾರಕ್ಕೆ ಪೋಣಿಸಿಕೊಳ್ಳುತ್ತವೆ.

ಆ ವಾಕ್ಯವನ್ನು 1958ರಲ್ಲಿ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಸಾಧಿಸಿ ತೋರಿಸಿದರು. ಮೊಡಿಗ್ಲಿಯಾನಿ ಅವರಿಗೆ 1985ರಲ್ಲಿ, ಮಿಲ್ಲರ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವರ ವಾದವನ್ನು ಒಂದು ಕಲ್ಪಿತ ಸಕ್ಕರೆ ಕಾರ್ಖಾನೆಯ ಲೆಕ್ಕದಲ್ಲಿ ನೋಡೋಣ. ಕಾರ್ಖಾನೆ ವರ್ಷಕ್ಕೆ ಸರಾಸರಿ 40 ಕೋಟಿ ರೂಪಾಯಿ ಗಳಿಸುತ್ತದೆ. ಸಾಲವೇ ಇಲ್ಲದಿದ್ದರೆ ಷೇರುದಾರರು ಈ ಬಗೆಯ ವ್ಯವಹಾರದಿಂದ ಶೇ 16ರಷ್ಟು ಆದಾಯ ನಿರೀಕ್ಷಿಸುತ್ತಾರೆ. ತೆರಿಗೆ ಇಲ್ಲವೆಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಆಗ ಕಾರ್ಖಾನೆಯ ಬೆಲೆ 250 ಕೋಟಿ. ಈಗ ಅದೇ ಕಾರ್ಖಾನೆ ಶೇ 10ರ ಬಡ್ಡಿಗೆ 100 ಕೋಟಿ ಸಾಲ ಪಡೆದು ಆ ಹಣವನ್ನು ಷೇರುದಾರರಿಗೆ ಹಿಂದಿರುಗಿಸುತ್ತದೆ. ಬಡ್ಡಿಗೆ 10 ಕೋಟಿ ಹೋಗಿ ಷೇರುದಾರರಿಗೆ 30 ಕೋಟಿ ಉಳಿಯುತ್ತದೆ, ಅವರ ಪಾಲಿನ ಬೆಲೆ 150 ಕೋಟಿ, ಅಂದರೆ ಆದಾಯ ಶೇ 20. ಶೇ 10ರ ಅಗ್ಗದ ಸಾಲ ಬಂದಿತು, ಆದರೆ ಒಡೆಯರ ನಿರೀಕ್ಷೆ ಶೇ 16ರಿಂದ 20ಕ್ಕೆ ಏರಿತು; ಎರಡನ್ನೂ ತೂಕ ಮಾಡಿ ಕೂಡಿಸಿದರೆ ಬಂಡವಾಳದ ಸರಾಸರಿ ವೆಚ್ಚ ಮತ್ತೆ ಶೇ 16ಕ್ಕೇ ಬಂದು ನಿಲ್ಲುತ್ತದೆ.

ಒಡೆಯರ ನಿರೀಕ್ಷೆ ಏರಿದ್ದು ದುರಾಸೆಯಿಂದಲ್ಲ ಎಂಬುದನ್ನು ಗಮನಿಸಬೇಕು. ಬರಗಾಲದ ವರ್ಷದಲ್ಲಿ ಗಳಿಕೆ 20 ಕೋಟಿಗೆ ಇಳಿದರೆ ಸಾಲವಿಲ್ಲದ ಕಾರ್ಖಾನೆಯ ಷೇರುದಾರನಿಗೆ ಶೇ 8 ಸಿಗುತ್ತದೆ, ಸಾಲವಿರುವ ಕಾರ್ಖಾನೆಯವನಿಗೆ ಶೇ 6.7 ಮಾತ್ರ. ಒಳ್ಳೆಯ ವರ್ಷದಲ್ಲಿ ಗಳಿಕೆ 60 ಕೋಟಿಯಾದರೆ ಮೊದಲನೆಯವನಿಗೆ ಶೇ 24, ಎರಡನೆಯವನಿಗೆ ಶೇ 33.3. ಏರಿಳಿತ ಹೆಚ್ಚಾಯಿತು, ಆದ್ದರಿಂದ ಅದನ್ನು ಹೊರುವವನು ಹೆಚ್ಚಿನ ಪ್ರತಿಫಲ ಕೇಳುತ್ತಾನೆ. ‘ಸಾಲ ಅಗ್ಗ, ಷೇರು ದುಬಾರಿ’ ಎಂದು ಬಿ.ಕಾಂ. ಹಂತದಲ್ಲಿ ಕಲಿತ ಮಾತು ಅರ್ಧ ಸತ್ಯವಾಗುವುದು ಇಲ್ಲಿಯೇ. ಅಗ್ಗದ ಸಾಲ ತಂದವನು ತನ್ನ ಉಳಿದ ಬಂಡವಾಳವನ್ನು ತಾನೇ ದುಬಾರಿ ಮಾಡಿಕೊಂಡಿರುತ್ತಾನೆ.

ಮಹಾಲಿಂಗಪುರದ ಬೆಲ್ಲದ ಪೆಂಟಿಯನ್ನು ಎರಡು ತುಂಡು ಮಾಡಿದರೂ ನಾಲ್ಕು ಮಾಡಿದರೂ ತಕ್ಕಡಿ ತೋರಿಸುವ ತೂಕ ಒಂದೇ. ಹಾಗೆಯೇ ಕಾರ್ಖಾನೆಯ ಬೆಲೆ ಹುಟ್ಟುವುದು ಗಾಣದ ಮನೆಯಲ್ಲಿ, ಅಂದರೆ ಕಬ್ಬು, ಇಳುವರಿ, ಯಂತ್ರ ಮತ್ತು ಸಕ್ಕರೆಯ ದರದಲ್ಲಿ. ಅದನ್ನು ಬ್ಯಾಂಕಿಗೂ ಷೇರುದಾರನಿಗೂ ಹಂಚುವ ಕಾಗದಪತ್ರದಲ್ಲಿ ಅಲ್ಲ. ಕಾಗದಪತ್ರದಿಂದ ಬೆಲೆ ಹೆಚ್ಚುವುದಾಗಿದ್ದರೆ ಹೂಡಿಕೆದಾರನು ತಾನೇ ಸಾಲ ಮಾಡಿ ಅದೇ ಫಲ ಪಡೆಯುತ್ತಿದ್ದನು. ಸಾಲವಿಲ್ಲದ ಕಾರ್ಖಾನೆಯ ಶೇ 1ರಷ್ಟು ಷೇರನ್ನು 2.5 ಕೋಟಿಗೆ ಕೊಂಡು, ಅದರಲ್ಲಿ 1 ಕೋಟಿಯನ್ನು ಶೇ 10ರ ಬಡ್ಡಿಗೆ ತಂದವನಿಗೆ ವರ್ಷಕ್ಕೆ 30 ಲಕ್ಷ ಉಳಿಯುತ್ತದೆ. ಸಾಲವಿರುವ ಕಾರ್ಖಾನೆಯ ಶೇ 1ರಷ್ಟು ಷೇರಿಗೆ 1.5 ಕೋಟಿ ಕೊಟ್ಟವನಿಗೂ ಅಷ್ಟೇ ಉಳಿಯುತ್ತದೆ. ಇಬ್ಬರ ಕೈಯಿಂದ ಹೋದದ್ದೂ ಒಂದೂವರೆ ಕೋಟಿ, ಕೈಗೆ ಬಂದದ್ದೂ ಒಂದೇ.

ಈ ಪ್ರಮೇಯ ನಿಂತಿರುವುದು ಕೆಲವು ಷರತ್ತುಗಳ ಮೇಲೆ. ತೆರಿಗೆ ಇರಬಾರದು, ದಿವಾಳಿಗೆ ಖರ್ಚು ತಗಲಬಾರದು, ಎಲ್ಲರಿಗೂ ಒಂದೇ ಮಾಹಿತಿ ಇರಬೇಕು, ಸಾಲ ಎಷ್ಟೇ ಇದ್ದರೂ ಆಡಳಿತ ಮಂಡಳಿ ಒಂದೇ ರೀತಿಯ ನಿರ್ಧಾರ ತೆಗೆದುಕೊಳ್ಳಬೇಕು, ವ್ಯಕ್ತಿಗೂ ಕಂಪನಿಗೂ ಒಂದೇ ದರದಲ್ಲಿ ಸಾಲ ಸಿಗಬೇಕು. ಕೊನೆಯದನ್ನು ಓದಿ ಯಾರಾದರೂ ತಮ್ಮೂರಿನ ಪತ್ತಿನ ಸಂಘದ ಬಡ್ಡಿದರವನ್ನು ನೆನೆದರೆ ಅವರನ್ನು ತಪ್ಪೆನ್ನಲಾಗದು. ಇವುಗಳಲ್ಲಿ ಒಂದೂ ನಮ್ಮ ಲೋಕದಲ್ಲಿ ಪೂರ್ತಿ ನಿಜವಲ್ಲ, ಮತ್ತು ಸ್ನಾತಕೋತ್ತರ ಕಾರ್ಪೊರೇಟ್ ಫೈನಾನ್ಸ್ ಎಂದರೆ ಈ ಷರತ್ತುಗಳನ್ನು ಒಂದೊಂದಾಗಿ ಮುರಿದು, ಮುರಿದಾಗ ಬೆಲೆಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆಂದು ಅಳೆಯುವ ಶಾಸ್ತ್ರ. ಹೀಗಾಗಿ ಪ್ರಮೇಯವನ್ನು ‘ಅವಾಸ್ತವ’ ಎಂದು ತಳ್ಳಿಹಾಕಿ ಮುಂದಿನ ಅಧ್ಯಾಯಕ್ಕೆ ಹೋಗುವ ವಿದ್ಯಾರ್ಥಿ ಅಳತೆಗೋಲನ್ನೇ ಎಸೆದು ಬಟ್ಟೆ ಅಳೆಯಲು ಹೊರಟಂತಾಗುತ್ತದೆ.

ಮೊದಲು ಮುರಿಯುವುದು ತೆರಿಗೆಯ ಷರತ್ತು. ಬಡ್ಡಿಯನ್ನು ಖರ್ಚೆಂದು ಕಳೆದ ಮೇಲೆ ಆದಾಯ ತೆರಿಗೆ ಬೀಳುತ್ತದೆ, ಲಾಭಾಂಶಕ್ಕೆ ಆ ಸೌಲಭ್ಯವಿಲ್ಲ. ಭಾರತದಲ್ಲಿ 2019ರಲ್ಲಿ ಬಂದ ರಿಯಾಯಿತಿ ದರವನ್ನು ಆರಿಸಿಕೊಂಡ ಕಂಪನಿಗೆ ಶೇ 22ರ ಮೂಲ ತೆರಿಗೆ, ಅದರ ಮೇಲೆ ಶೇ 10ರ ಅಧಿಭಾರ ಮತ್ತು ಶೇ 4ರ ಸೆಸ್ ಸೇರಿ ಶೇ 25.168 ಆಗುತ್ತದೆ. ನಮ್ಮ ಕಾರ್ಖಾನೆಯ 10 ಕೋಟಿ ಬಡ್ಡಿಯಿಂದ ವರ್ಷಕ್ಕೆ ಸುಮಾರು 2.5 ಕೋಟಿ ತೆರಿಗೆ ಉಳಿಯುತ್ತದೆ. ಸಾಲ ಶಾಶ್ವತವೆಂದುಕೊಂಡರೆ ಈ ಉಳಿತಾಯದ ಇಂದಿನ ಬೆಲೆ ಸುಮಾರು 25 ಕೋಟಿ. ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಇಬ್ಬರೇ 1963ರಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಿದರು. ಹಾಗಾದರೆ ಎಲ್ಲ ಕಂಪನಿಗಳೂ ಕುತ್ತಿಗೆಯವರೆಗೆ ಸಾಲ ಮಾಡಬೇಕಲ್ಲವೇ ಎಂಬ ಪ್ರಶ್ನೆಗೆ 1977ರಲ್ಲಿ ಮಿಲ್ಲರ್ ಕೊಟ್ಟ ಉತ್ತರವೆಂದರೆ, ಕಂಪನಿಯ ತೆರಿಗೆಯನ್ನಷ್ಟೇ ನೋಡಿದರೆ ಸಾಲದು, ಹಣ ಪಡೆಯುವವನ ತೆರಿಗೆಯನ್ನೂ ನೋಡಬೇಕು ಎಂಬುದು. ಶೇ 30ರ ಶ್ರೇಣಿಯಲ್ಲಿರುವ ಹೂಡಿಕೆದಾರನು ಬಡ್ಡಿಯ ಆದಾಯಕ್ಕೆ ಪೂರ್ಣ ತೆರಿಗೆ ಕಟ್ಟುತ್ತಾನೆ. ಷೇರಿನ ಲಾಭವನ್ನು ದೀರ್ಘಾವಧಿಯ ಬಂಡವಾಳ ಲಾಭವಾಗಿ ಪಡೆದರೆ 2024ರ ಜುಲೈನಿಂದ ಇರುವ ದರ ಶೇ 12.5. ಅವನ ಮೇಲಿನ ಅಧಿಭಾರ, ಸೆಸ್‌ಗಳನ್ನು ಬದಿಗಿಟ್ಟು ಸ್ಥೂಲವಾಗಿ ಗುಣಿಸಿದರೆ, 100 ಕೋಟಿ ಸಾಲದ ತೆರಿಗೆ ಲಾಭ 25 ಕೋಟಿಯಿಂದ ಆರೂವರೆ ಕೋಟಿಯ ಆಸುಪಾಸಿಗೆ ಇಳಿಯುತ್ತದೆ. ಅವನು ಅದೇ ಹಣವನ್ನು ಲಾಭಾಂಶವಾಗಿ ಪಡೆದರೆ ಲೆಕ್ಕ ಮತ್ತೆ ಬೇರೆ, ಏಕೆಂದರೆ 2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ತೆರಿಗೆ ಬೀಳುವುದು ಪಡೆದವನ ಕೈಯಲ್ಲಿ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು 1963ರ ಸೂತ್ರವನ್ನು ಬರೆದು ನಿಲ್ಲಿಸುತ್ತಾರೆ. ನನಗೆ 1977ರದ್ದೇ ಹೆಚ್ಚು ಬೆಲೆಬಾಳುವುದೆನಿಸುತ್ತದೆ.

ತೆರಿಗೆಗಿಂತ ಆಳವಾದದ್ದು ನಡವಳಿಕೆಯ ಪ್ರಶ್ನೆ. ಪೆಂಟಿಯನ್ನು ಕತ್ತರಿಸುವಾಗ ಸ್ವಲ್ಪ ಬೆಲ್ಲ ಚಾಕುವಿಗೆ ಅಂಟುತ್ತದೆ. ದಿವಾಳಿಯ ವಕೀಲರ ಶುಲ್ಕ, ನ್ಯಾಯಮಂಡಳಿಯ ವಿಳಂಬ, ನಿಂತ ಯಂತ್ರದ ತುಕ್ಕು ಅಂಥವು. ಭಾರತದಲ್ಲಿ 2016ರ ದಿವಾಳಿ ಸಂಹಿತೆ ಬಂದ ಮೇಲೆ ಈ ನೇರ ಖರ್ಚುಗಳ ಲೆಕ್ಕ ಮಾಡುವುದು ಮೊದಲಿಗಿಂತ ಸುಲಭ. ಆದರೆ ಕಣ್ಣಿಗೆ ಬೀಳದ ನಷ್ಟ ದೊಡ್ಡದು, ಅದು ದಿವಾಳಿಗೂ ಮೊದಲೇ ಶುರುವಾಗುತ್ತದೆ.

ಕಾರ್ಖಾನೆಯೊಂದು ಬ್ಯಾಂಕಿಗೆ 100 ಕೋಟಿ ಕೊಡಬೇಕಿದೆ, ಆದರೆ ಅದರ ಈಗಿನ ಬೆಲೆ 80 ಕೋಟಿ ಮಾತ್ರ ಎನ್ನಿ. ಹೊಸ ಬಾಯ್ಲರ್‌ಗೆ 10 ಕೋಟಿ ಹಾಕಿದರೆ ಬೆಲೆ 15 ಕೋಟಿಯಷ್ಟು ಹೆಚ್ಚುತ್ತದೆ. ನಿವ್ವಳ ಪ್ರಸ್ತುತ ಮೌಲ್ಯ 5 ಕೋಟಿ, ಬಿ.ಕಾಂ. ಪಾಠದ ಪ್ರಕಾರ ಕಣ್ಣು ಮುಚ್ಚಿ ಒಪ್ಪಬೇಕಾದ ಯೋಜನೆ. ಆದರೂ ಷೇರುದಾರರು ಆ ಹತ್ತು ಕೋಟಿಯನ್ನು ತರುವುದಿಲ್ಲ, ಏಕೆಂದರೆ ಬೆಲೆ 95 ಕೋಟಿಗೆ ಏರಿದರೂ ಅಷ್ಟೂ ಬ್ಯಾಂಕಿನ ಪಾಲಾಗುತ್ತದೆ. ಒಳ್ಳೆಯ ಯೋಜನೆ ಸಾಲದ ಹೊರೆಯ ಕೆಳಗೆ ಸತ್ತುಹೋಗುವ ಈ ಬಗೆಯನ್ನು ಸ್ಟೂವರ್ಟ್ ಮೈಯರ್ಸ್ 1977ರಲ್ಲಿ ವಿವರಿಸಿದರು. ಇದೇ ಕಾರ್ಖಾನೆಯ ಮುಂದೆ ಇನ್ನೊಂದು ಯೋಜನೆ ಬರುತ್ತದೆ: ಮುಂಗಡ ದರದ ಯಾವ ರಕ್ಷಣೆಯೂ ಇಲ್ಲದೆ ವಿದೇಶಿ ಮಾರುಕಟ್ಟೆಯ ಮೇಲೆ ಬಾಜಿ ಕಟ್ಟುವುದು. ಗೆದ್ದರೆ ಬೆಲೆ 130 ಕೋಟಿ, ಸೋತರೆ 20 ಕೋಟಿ, ಸಾಧ್ಯತೆ ಸರಿಸಮ. ಸರಾಸರಿ 75 ಕೋಟಿ, ಅಂದರೆ ಈಗಿರುವ 80ಕ್ಕಿಂತ ಕಡಿಮೆ, ಆದ್ದರಿಂದ ಕೆಟ್ಟ ಯೋಜನೆ. ಆದರೆ ಗೆದ್ದಾಗ ಸಾಲ ತೀರಿಸಿ 30 ಕೋಟಿ ಷೇರುದಾರರಿಗೆ ಉಳಿಯುತ್ತದೆ, ಸೋತಾಗ ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವರ ಪಾಲಿನ ಸರಾಸರಿ 15 ಕೋಟಿ. ಬ್ಯಾಂಕಿನ ಪಾಲು 80ರಿಂದ 60ಕ್ಕೆ ಇಳಿಯುತ್ತದೆ. ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಹಿಡಿಯುವುದು ಅವರ ಮಟ್ಟಿಗೆ ಸರಿಯಾದ ಲೆಕ್ಕವೇ ಆಗಿದೆ. ಇಂತಹ ಹಿತಾಸಕ್ತಿಗಳ ತಿಕ್ಕಾಟಕ್ಕೆ ಮೈಕಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ 1976ರಲ್ಲಿ ಒಂದು ಸಿದ್ಧಾಂತದ ಚೌಕಟ್ಟನ್ನು ಕೊಟ್ಟರು.

ಎರಡನೆಯ ಉದಾಹರಣೆಯನ್ನು ಗಮನವಿಟ್ಟು ನೋಡಿದವರಿಗೆ ಷೇರು ಎಂಬುದು, ಮೊದಲೇ ಗೊತ್ತುಮಾಡಿದ ದರಕ್ಕೆ ಕೊಳ್ಳುವ ಹಕ್ಕಾದ ಒಂದು ಆಪ್ಷನ್‌ನಂತೆ ವರ್ತಿಸುತ್ತಿರುವುದು ತಿಳಿಯುತ್ತದೆ. 100 ಕೋಟಿ ಕೊಟ್ಟು ಕಾರ್ಖಾನೆಯನ್ನು ಬಿಡಿಸಿಕೊಳ್ಳುವ ಹಕ್ಕು ಷೇರುದಾರರಿಗಿದೆ, ಬಾಧ್ಯತೆಯಿಲ್ಲ. 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಆಪ್ಷನ್‌ಗಳ ಬೆಲೆಯನ್ನು ಕಂಡುಹಿಡಿಯುವ ಸೂತ್ರ ಕೊಟ್ಟರು. ಮರುವರ್ಷ ರಾಬರ್ಟ್ ಮರ್ಟನ್ ಅದೇ ಸೂತ್ರದಿಂದ ಕಂಪನಿಯ ಸಾಲಕ್ಕೆ ಬೆಲೆ ಕಟ್ಟಿದರು. ಏರಿಳಿತ ಹೆಚ್ಚಿದಷ್ಟೂ ಆಪ್ಷನ್‌ಗೆ ಬೆಲೆ ಹೆಚ್ಚು ಎಂಬ ಒಂದೇ ಗುಣದಿಂದ, ಮುಳುಗುತ್ತಿರುವ ಕಂಪನಿಯ ಒಡೆಯರು ಏಕೆ ಜೂಜಿಗಿಳಿಯುತ್ತಾರೆ ಎಂಬುದು ಅರ್ಥವಾಗುತ್ತದೆ. ಗಣಿತ ಕಠಿಣವೆನಿಸುವ ಭಾಗ ಇದು. ಕಲನಶಾಸ್ತ್ರ ಮರೆತವರು ಎರಡು ಕವಲಿನ ಮರವನ್ನು (ಪ್ರತಿ ಹಂತದಲ್ಲೂ ಬೆಲೆ ಏರುತ್ತದೆ ಇಲ್ಲವೇ ಇಳಿಯುತ್ತದೆ ಎಂಬ ಚಿತ್ರವನ್ನು) ಕಾಗದದ ಮೇಲೆ ಬಿಡಿಸಿಕೊಂಡು ಹೋದರೆ ಸಾಕಷ್ಟು ದೂರ ತಲುಪಬಹುದು.

ಮಾಹಿತಿಯ ಷರತ್ತನ್ನು ವಿವರಿಸಲು ಹೆಚ್ಚು ಮಾತು ಬೇಡ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದವರೆಲ್ಲ ಕಿಲಾರಿ ಎತ್ತಿನ ಹಲ್ಲು ನೋಡುವ ಮೊದಲು ‘ಇಷ್ಟು ಚಲೋ ಎತ್ತು ಯಾಕ ಮಾರಾಕ್ಹತ್ತೀರಿ’ ಎಂದು ಕೇಳುತ್ತಾರೆ. ಕಂಪನಿಯು ಹೊಸ ಷೇರು ಮಾರಲು ಹೊರಟಾಗ ಮಾರುಕಟ್ಟೆಯೂ ಅದನ್ನೇ ಕೇಳುತ್ತದೆ, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ದರ ಇಳಿಸುತ್ತದೆ. ಆದ್ದರಿಂದ ಕಂಪನಿಗಳು ಮೊದಲು ಉಳಿಸಿದ ಲಾಭವನ್ನು, ಆಮೇಲೆ ಸಾಲವನ್ನು, ಕೊನೆಗೆ ಹೊಸ ಷೇರನ್ನು ನೆಚ್ಚಿಕೊಳ್ಳುತ್ತವೆ ಎಂಬುದು 1984ರಲ್ಲಿ ಮೈಯರ್ಸ್ ಮತ್ತು ಮಜ್ಲುಫ್ ಬೆಳೆಸಿದ ವಾದ.

ಇದಕ್ಕಿಂತ ನಮ್ಮ ಜಿಲ್ಲೆಗಳಿಗೆ ಹತ್ತಿರವಾದದ್ದು ರಿಯಲ್ ಆಪ್ಷನ್ ಎಂಬ ಅಧ್ಯಾಯ. ಕಾರ್ಖಾನೆಯ ಪಕ್ಕದಲ್ಲಿ ಡಿಸ್ಟಿಲರಿ ಕಟ್ಟಿದರೆ ಕಬ್ಬಿನ ರಸವನ್ನು ಸಕ್ಕರೆ ಮಾಡಬೇಕೋ ಎಥೆನಾಲ್ ಮಾಡಬೇಕೋ ಎಂದು ದರ ನೋಡಿ ನಿರ್ಧರಿಸುವ ಸ್ವಾತಂತ್ರ್ಯ ದೊರೆಯುತ್ತದೆ. ಆ ಸ್ವಾತಂತ್ರ್ಯಕ್ಕೇ ಒಂದು ಬೆಲೆಯಿದೆ, ಸಾಮಾನ್ಯ ನಿವ್ವಳ ಪ್ರಸ್ತುತ ಮೌಲ್ಯದ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಕಾಯುವುದಕ್ಕೂ ಬೆಲೆಯಿದೆ. 60 ಕೋಟಿಯ ಡಿಸ್ಟಿಲರಿ ನೀತಿ ಅನುಕೂಲವಾದರೆ 100 ಕೋಟಿಯದಾಗುತ್ತದೆ, ಪ್ರತಿಕೂಲವಾದರೆ 30 ಕೋಟಿಯದು, ಸಾಧ್ಯತೆ ಸಮ ಎಂದಿಟ್ಟುಕೊಂಡರೆ ಇಂದೇ ಕಟ್ಟುವುದರ ಲಾಭ ಸರಾಸರಿ 5 ಕೋಟಿ. ಒಂದು ವರ್ಷ ಕಾದು, ನೀತಿ ಅನುಕೂಲವಾದರೆ ಮಾತ್ರ ಕಟ್ಟುವುದಾದರೆ ಅರ್ಧ ಸಾಧ್ಯತೆಯ 40 ಕೋಟಿ, ಅಂದರೆ 20 ಕೋಟಿ. ಶೇ 10ರಂತೆ ಒಂದು ವರ್ಷದ ಕಡಿತ ಮಾಡಿದರೂ 18 ಕೋಟಿ. ಈ ಲೆಕ್ಕಕ್ಕೆ 2023ರ ಡಿಸೆಂಬರ್ ಒಳ್ಳೆಯ ಟಿಪ್ಪಣಿ ಬರೆಯಿತು. ಸಕ್ಕರೆಯ ಲಭ್ಯತೆ ಕಾಪಾಡಲು ಕೇಂದ್ರ ಸರ್ಕಾರವು ಆ ಹಂಗಾಮಿಗೆ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ದಿಢೀರನೆ ತಡೆಯಿತು, ಆಮೇಲೆ ಭಾಗಶಃ ಸಡಿಲಿಸಿತು, ಮರುವರ್ಷಕ್ಕೆ ನಿರ್ಬಂಧ ತೆಗೆಯಿತು. ಪಠ್ಯದ ಆಪ್ಷನ್‌ನಲ್ಲಿ ಹಕ್ಕು ಒಡೆಯನದು. ನಮ್ಮ ಡಿಸ್ಟಿಲರಿಯ ಹಕ್ಕಿನ ಒಂದು ಕೀಲಿಕೈ ದೆಹಲಿಯಲ್ಲಿರುತ್ತದೆ, ಬೆಲೆ ಕಟ್ಟುವಾಗ ಅದನ್ನೂ ಸೇರಿಸಬೇಕು.

ಇವೆಲ್ಲವೂ ಒಟ್ಟಿಗೆ ಕಾಣುವ ಒಂದು ಪ್ರಕರಣ ಬೆಳಗಾವಿಯಲ್ಲೇ ಇದೆ. 1998ರ ಸುಮಾರಿಗೆ ಇಲ್ಲಿಂದ ವಹಿವಾಟು ಆರಂಭಿಸಿದ ಶ್ರೀ ರೇಣುಕಾ ಶುಗರ್ಸ್, ಸವದತ್ತಿ ತಾಲ್ಲೂಕಿನ ಮುನವಳ್ಳಿಯಿಂದ ಬೆಳೆದು 2010ರಲ್ಲಿ ಬ್ರೆಜಿಲ್‌ನ ಎರಡು ಸಕ್ಕರೆ ಕಂಪನಿಗಳಲ್ಲಿ ಒಡೆತನ ಪಡೆಯಿತು. 2011ರ ಆರಂಭದಲ್ಲಿ ಜಾಗತಿಕ ಸಕ್ಕರೆ ದರ ಶಿಖರಕ್ಕೇರಿ ಅಲ್ಲಿಂದ ಹಲವು ವರ್ಷ ಇಳಿಯುತ್ತ ಹೋಯಿತು. ಬ್ರೆಜಿಲ್‌ನ ನಾಣ್ಯವಾದ ರಿಯಾಲ್ 2010ರಲ್ಲಿ ಡಾಲರಿಗೆ ಎರಡಕ್ಕಿಂತ ಕಡಿಮೆ ಇದ್ದದ್ದು 2015ರಲ್ಲಿ ನಾಲ್ಕನ್ನು ದಾಟಿತು. ಅದೇ ವರ್ಷ ಬ್ರೆಜಿಲ್‌ನ ಅಂಗಸಂಸ್ಥೆ ನ್ಯಾಯಾಲಯದ ರಕ್ಷಣೆ ಕೋರಿತು. 2014ರಲ್ಲಿ ಪಾಲುದಾರನಾಗಿ ಬಂದಿದ್ದ ಸಿಂಗಾಪುರದ ವಿಲ್ಮಾರ್, ಬ್ಯಾಂಕುಗಳೊಂದಿಗಿನ ಸಾಲ ಮರುರಚನೆಯ ನಂತರ 2018ರಲ್ಲಿ ಬಹುಪಾಲಿನ ಒಡೆತನ ಪಡೆಯಿತು. ಬ್ಯಾಂಕುಗಳ ಸಾಲದ ಒಂದು ಭಾಗ ಷೇರಾಗಿ ಬದಲಾಯಿತು. ಇದನ್ನು ‘ದುಡುಕಿ ಸಾಲ ಮಾಡಿದರು’ ಎಂದು ಓದುವುದು ಕಟ್ಟೆಯ ಮೇಲಿನ ಓದು. ತರಗತಿಯ ಓದು ಬೇರೆ ಒಂದು ಸಂಬಂಧವನ್ನು ಹುಡುಕುತ್ತದೆ: ಬ್ರೆಜಿಲ್ ಜಗತ್ತಿನ ಅತಿದೊಡ್ಡ ಸಕ್ಕರೆ ಉತ್ಪಾದಕ ದೇಶವಾದ್ದರಿಂದ, ರಿಯಾಲ್ ಕುಸಿದಾಗ ಅಲ್ಲಿನ ಕಾರ್ಖಾನೆಗಳಿಗೆ ಡಾಲರಿನ ಪ್ರತಿ ಮಾರಾಟದಿಂದ ಹೆಚ್ಚು ಸ್ಥಳೀಯ ಹಣ ಬರುತ್ತದೆ, ಅವು ಹೆಚ್ಚು ಮಾರುತ್ತವೆ, ಜಾಗತಿಕ ದರ ಇಳಿಯುತ್ತದೆ. ನಾಣ್ಯದ ಅಪಾಯ (ನಾಣ್ಯ ಕುಸಿದಾಗ ಡಾಲರಿನ ಸಾಲ ಭಾರವಾಗುವುದು) ಮತ್ತು ದರದ ಅಪಾಯ ಎರಡು ಬೇರೆ ಬೇರೆ ಅಪಾಯಗಳಂತೆ ಕಂಡರೂ ಒಂದೇ ನೊಗಕ್ಕೆ ಕಟ್ಟಿದ ಜೋಡಿ. ಸಾಲ ಎಷ್ಟು ಎಂಬುದಕ್ಕಿಂತ, ಸಾಲದ ಹೊರೆ ಭಾರವಾಗುವ ದಿನವೇ ಗಳಿಕೆಯೂ ಕುಗ್ಗುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಓದುವ ಕ್ರಮದ ಬಗ್ಗೆ ಎರಡು ಮಾತು. ಬೆಳಗಾವಿಯಲ್ಲಿ 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಎಂ.ಕಾಂ. ಅಥವಾ ಎಂ.ಬಿ.ಎ. ಎಲ್ಲಿ ಮಾಡಿದರೂ ಈ ವಿಷಯದ ತಿರುಳು ಇದೇ. ಸ್ಪ್ರೆಡ್‌ಶೀಟ್‌ನಲ್ಲಿ ಕೈ ಪಳಗಬೇಕು, ಸಂಭವನೀಯತೆ ಮತ್ತು ರಿಗ್ರೆಷನ್ ಗೊತ್ತಿರಬೇಕು. ಜತೆಗೆ ವಾರ್ಷಿಕ ವರದಿಯ ಹಿಂಬದಿಯ ಟಿಪ್ಪಣಿಗಳನ್ನು ಓದುವ ತಾಳ್ಮೆ ಬೇಕು, ಇದು ಉಳಿದೆಲ್ಲಕ್ಕಿಂತ ಅಪರೂಪದ್ದು. ಷೇರುಪೇಟೆಯಲ್ಲಿಲ್ಲದ ಕಾರ್ಖಾನೆಗೆ ಬಂಡವಾಳದ ವೆಚ್ಚ ಹುಡುಕುವುದು ಒಳ್ಳೆಯ ಮೊದಲ ಅಭ್ಯಾಸ. ಪಟ್ಟಿಯಲ್ಲಿರುವ ಸಕ್ಕರೆ ಕಂಪನಿಗಳ ಸರಾಸರಿ ಬೀಟಾ (ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಸ್ಪಂದಿಸುತ್ತದೆಂಬ ಅಳತೆ) 1.4, ಅವುಗಳ ಸಾಲ ಮತ್ತು ಷೇರು ಬಂಡವಾಳ ಸಮ, ತೆರಿಗೆ ಶೇ 25 ಎಂದುಕೊಂಡರೆ, ಸಾಲದ ಪ್ರಭಾವ ತೆಗೆದ ಬೀಟಾ 0.8, ನಮ್ಮ ಕಾರ್ಖಾನೆಯ ಸಾಲ ಷೇರಿನ ಅರ್ಧದಷ್ಟಿದ್ದರೆ ಅದನ್ನು ಮತ್ತೆ ಸೇರಿಸಿದಾಗ 1.1. ಆದರೆ ಸಂಕೇಶ್ವರದ ಹಿರಣ್ಯಕೇಶಿಯಂತಹ ಸಹಕಾರಿ ಕಾರ್ಖಾನೆಗೆ ಬಂದಾಗ ಈ ಯಂತ್ರವೂ ತಡವರಿಸುತ್ತದೆ. ಅಲ್ಲಿ ಸದಸ್ಯನಿಗೆ ಒಂದೇ ಮತ, ಷೇರಿಗೆ ಪೇಟೆಯ ದರವಿಲ್ಲ, ಕಬ್ಬು ಕೊಡುವವನೇ ಒಡೆಯ. ಅವನಿಗೆ ಲಾಭ ಬರುವುದು ಲಾಭಾಂಶದಲ್ಲೋ ಕಬ್ಬಿನ ದರದಲ್ಲೋ ಎಂದು ಬೇರ್ಪಡಿಸುವುದೇ ಕಷ್ಟ. ಯಾರಾದರೂ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದು ಅವರ ಮನೆಬಾಗಿಲಲ್ಲೇ ಇದೆ.

ಪಠ್ಯಪುಸ್ತಕದ ಬಂಡವಾಳ ರಚನೆಯಲ್ಲಿ ಬ್ಯಾಂಕು, ಬಾಂಡು, ಷೇರು ಎಂಬ ಮೂರು ಸಾಲುಗಳಿರುತ್ತವೆ. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗೆ ನಾಲ್ಕನೆಯ ಸಾಲು ಬೇಕು, ಅದರಲ್ಲಿ ಕಬ್ಬು ಬೆಳೆಗಾರ ಇರಬೇಕು. ನುರಿಸುವುದು ನಾಲ್ಕೈದು ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ, ಅದೂ ಕೇಂದ್ರ ಸರ್ಕಾರ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿದ ಮಿತಿಯೊಳಗೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಬೇಕು, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. 2025-26ರ ಹಂಗಾಮಿಗೆ ಶೇ 10.25ರ ಇಳುವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರ) ಕ್ವಿಂಟಲಿಗೆ 355 ರೂಪಾಯಿ. ಈ ಹಣ ತಡವಾದಷ್ಟು ದಿನ ಬೆಳೆಗಾರ ಕಾರ್ಖಾನೆಗೆ ಸಾಲ ಕೊಟ್ಟಿರುತ್ತಾನೆ, ದಾಸ್ತಾನು ಮಾತ್ರ ಬ್ಯಾಂಕಿಗೆ ಒತ್ತೆಯಾಗಿರುತ್ತದೆ.

ಮೊದಲಿನ ಕಲ್ಪಿತ ಕಾರ್ಖಾನೆಗೆ ಈ ಸಾಲನ್ನು ಸೇರಿಸಿ ನೋಡಬಹುದು. ಬ್ಯಾಂಕಿನ 100 ಕೋಟಿ, ಷೇರುದಾರರ 150 ಕೋಟಿ, ಜತೆಗೆ ವರ್ಷದ ಸರಾಸರಿಯಲ್ಲಿ ಬೆಳೆಗಾರರ ಬಾಕಿ 50 ಕೋಟಿ, ಒಟ್ಟು 300 ಕೋಟಿಯ ಆಸ್ತಿ. ಆಸ್ತಿಯ ಗಳಿಕೆ ಹಿಂದಿನಂತೆ ಶೇ 16, ಅಂದರೆ 48 ಕೋಟಿ. ಕಾನೂನು ಹೇಳಿದ ಶೇ 15ನ್ನು ಬೆಳೆಗಾರರಿಗೆ ಕೊಟ್ಟರೆ ಅವರಿಗೆ 7.5 ಕೋಟಿ, ಬ್ಯಾಂಕಿಗೆ 10 ಕೋಟಿ, ಷೇರುದಾರರಿಗೆ 30.5 ಕೋಟಿ, ಅಂದರೆ ಶೇ 20.3. ಬಡ್ಡಿ ಕೊಡದೆ ಅಸಲನ್ನಷ್ಟೇ ಚುಕ್ತಾ ಮಾಡಿದರೆ ಷೇರುದಾರರಿಗೆ 38 ಕೋಟಿ, ಶೇ 25.3. ಎರಡೂ ಸಂದರ್ಭಗಳಲ್ಲಿ ಆಸ್ತಿಯ ಗಳಿಕೆ 48 ಕೋಟಿಯೇ; 1958ರ ಪ್ರಮೇಯ ಹೇಳಿದಂತೆ ಪೆಂಟಿಯ ತೂಕ ಕದಲಲಿಲ್ಲ. ಏಳೂವರೆ ಕೋಟಿಯ ತುಂಡು ಮಾತ್ರ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಯಿತು, ಮತ್ತು ಮೂರು ಸಾಲಿನ ತಖ್ತೆಯಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ.